ಗುಡ್ಡಕ್ಕೆ ದಿನಕ್ಕೆ ಮುನ್ನೂರೇ ಜನ: ಕಳಸ ಸೀಮೆಯ ಎರಡು ಮಾತು

ಪ್ರಶ್ನೆ ಇಷ್ಟೇ: ಕುದುರೆಮುಖ, ನೇತ್ರಾವತಿ ಶಿಖರಗಳಿಗೆ ಹೋಗುವ ಚಾರಣಿಗರಿಗೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಬೇಕೇ? ಈ ಗುಡ್ಡಗಳಿಗೆ ಹೆಬ್ಬಾಗಿಲಿನಂತಿರುವ ಕಳಸ ಸೀಮೆಯ ಇಬ್ಬರು ಇಲ್ಲಿ ಬರೆದಿದ್ದಾರೆ. ಬೇಕು ಎನ್ನುವವರು ಸಂಸೆ ಕಡೆಯ ಅಡಿಕೆ, ಕಾಫಿ ಬೆಳೆಗಾರರು. ಬೇಡ ಎನ್ನುವವರು ಅವರ ಹೆಂಡತಿಯ ತಮ್ಮ. ಒಂದು ಕಾಲಕ್ಕೆ ಜೀಪು ಓಡಿಸುತ್ತಿದ್ದವರು, ಈಗ ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತಾರೆ.

ಪರ: ನಲ್ಲಿಯಲ್ಲಿ ಗಾಳಿ ಬರುವ ಶನಿವಾರ

ನಮ್ಮ ಮನೆಗೆ ಬಾವಿಯಿಲ್ಲ, ಬೋರ್‌ವೆಲ್ ಇಲ್ಲ. ಹಿತ್ತಲು ದಾಟಿ ಗುಡ್ಡ ಹತ್ತಿದರೆ ಶೋಲಾ ಕಾಡಿನ ಮಡಿಕೆಯಲ್ಲಿ ತೊರೆ ಧುಮುಕುವ ಒಂದು ಅಬ್ಬಿ ಇದೆ. ಅಲ್ಲಿ ಕಲ್ಲು ಕಟ್ಟಿ ಮಾಡಿದ ಸಣ್ಣ ಗುಂಡಿ, ಗುಂಡಿಯ ಬಾಯಿಗೆ ಜಾಲರಿ, ಜಾಲರಿಯಿಂದ ಕರಿ ಪೈಪು. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಇಳಿದು ಬರುತ್ತಿದ್ದ ನೀರು ಈಗ ಪೈಪಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಮೋಟಾರು ಬೇಡ, ಕರೆಂಟು ಬೇಡ. ದನ ಕುಡಿಯುವುದು, ನಾವು ಕುಡಿಯುವುದು, ಕಾಫಿ ಸಸಿಮಡಿಗೆ ಹಾಯಿಸುವುದು ಎಲ್ಲ ಅದೇ ನೀರು.

ಆ ನೀರಿಗೆ ಈಗ ವಾರದ ಲೆಕ್ಕ ಗೊತ್ತಾಗುತ್ತದೆ. ಶುಕ್ರವಾರ ರಾತ್ರಿ ಹತ್ತಕ್ಕೆ ಬೆಂಗಳೂರು ಬಿಟ್ಟ ಟಿಟಿ ವ್ಯಾನುಗಳು ಶನಿವಾರ ಬೆಳಗಿನ ಜಾವ ಐದರ ಸುಮಾರಿಗೆ ನಮ್ಮ ರಸ್ತೆಗೆ ಬಂದು ನಿಲ್ಲುತ್ತವೆ. ನಿದ್ದೆಗಣ್ಣಿನ ಮಕ್ಕಳು ಇಳಿಯುತ್ತಾರೆ, ಯಾರದ್ದಾದರೂ ಮನೆಯಲ್ಲಿ ಮುಖ ತೊಳೆದು, ಸ್ನಾನ ಮಾಡಿ, ನೀರುದೋಸೆ ತಿಂದು, ಏಳರ ಹೊತ್ತಿಗೆ ಜೀಪು ಹತ್ತುತ್ತಾರೆ. ಆ ಎರಡು ಗಂಟೆ ನಮ್ಮ ಅಡುಗೆಮನೆ ನಲ್ಲಿ ತಿರುಗಿಸಿದರೆ ಮೊದಲು ಬುಸ್ ಎಂದು ಗಾಳಿ, ಆಮೇಲೆ ಎರಡು ಹನಿ. ಮೇಲಿನ ತೊರೆಗೆ ನಮ್ಮದೊಂದೇ ಪೈಪಲ್ಲ. ಐದಾರು ವರ್ಷದ ಹಿಂದೆ ನಾಲ್ಕು ಪೈಪುಗಳಿದ್ದವು, ಈಗ ಹನ್ನೊಂದಿವೆ. ನಾನೇ ಎಣಿಸಿ ಬಂದಿದ್ದೇನೆ.

ಲೆಕ್ಕ ಹಾಕಿ ನೋಡಿ. ಕುದುರೆಮುಖಕ್ಕೆ 300, ನೇತ್ರಾವತಿಗೆ 300. ಮಿತಿ ಇದ್ದೂ ತುಂಬಿದ ಶನಿವಾರ 600 ಜನ. ತಲೆಗೆ ಎರಡೇ ಬಕೆಟ್ ಎಂದರೂ 18 ಸಾವಿರ ಲೀಟರ್. ನನ್ನ ಟ್ಯಾಂಕು ಸಾವಿರ ಲೀಟರಿನದು. ಕುದುರೆಮುಖದ ಚಾರಣ ಶುರುವಾಗುವ ಮುಳ್ಳೋಡಿಗೆ ಹೋಗುವ ಜೀಪಿಗೆ ಎಂಟು ಜನ ಎಂದಿಟ್ಟುಕೊಂಡರೆ 300 ಜನಕ್ಕೆ ಬೆಳಿಗ್ಗೆ ಮೂವತ್ತೆಂಟು ಟ್ರಿಪ್ಪು, ಸಂಜೆ ಮತ್ತೆ ಅಷ್ಟೇ. ಆ ಮಣ್ಣು ರಸ್ತೆಯಲ್ಲಿ ಮಳೆಗಾಲದಲ್ಲಿ ಏನಾಗುತ್ತದೆ ಎಂಬುದನ್ನು ನನ್ನ ಭಾವಮೈದನಿಗೆ ನಾನು ಹೇಳಿಕೊಡಬೇಕಿಲ್ಲ. ಹತ್ತು ವರ್ಷ ಅದೇ ರಸ್ತೆಯಲ್ಲಿ ಗೇರು ಬದಲಿಸಿ ಸೊಂಟ ಕೆಡಿಸಿಕೊಂಡವನು ಅವನು.

ಮಿತಿ ಇಲ್ಲದಿದ್ದರೆ ಹೇಗಿರುತ್ತದೆ ಎಂಬುದನ್ನು ಊಹಿಸುವ ಅಗತ್ಯವೇ ಇಲ್ಲ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಸುಬ್ರಹ್ಮಣ್ಯದ ಕುಮಾರ ಪರ್ವತದಲ್ಲಿ ಏನಾಯಿತು ಎಂಬ ವಿಡಿಯೊವನ್ನು ರಾಜ್ಯವೆಲ್ಲ ನೋಡಿದೆ. 1,712 ಮೀಟರಿನ ಗುಡ್ಡ, ಅದರ ಮೇಲೆ ತೇರಿನ ದಿನದ ಹಾಗೆ ಜನ. ಹತ್ತುವವರು ಇಳಿಯುವವರಿಗೆ ದಾರಿ ಬಿಡಲಾಗದೆ ನಿಂತಿದ್ದರು. ಅದಾದ ಮೇಲೆಯೇ ಸರ್ಕಾರಕ್ಕೆ ಎಚ್ಚರವಾದದ್ದು. ಅದೇ ವರ್ಷದ ಅಕ್ಟೋಬರಿನಲ್ಲಿ ಚಾರಣದ ಟಿಕೆಟ್ ಕಾಯ್ದಿರಿಸುವ 'ಅರಣ್ಯ ವಿಹಾರ' ಎಂಬ ಜಾಲತಾಣ ಬಂತು, ಒಂದು ಚಾರಣ ಪಥಕ್ಕೆ ದಿನಕ್ಕೆ 300 ಜನ ಮೀರಬಾರದು ಎಂಬ ಮಾತೂ ಬಂತು.

ಮುನ್ನೂರೇ ಯಾಕೆ, ಇನ್ನೂರೆಂಬತ್ತು ಯಾಕಲ್ಲ ಎಂದು ಕೇಳುವವರಿದ್ದಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮಳೆಗಾಲಕ್ಕೆ ಅದೂ ಹೆಚ್ಚಾಯಿತು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಗುಡ್ಡಗಳ ಸ್ವಭಾವ ಗೊತ್ತಿದ್ದವರಿಗೆ ಕಾರಣವೂ ಗೊತ್ತು. ತಲೆಯ ಮೇಲೆಲ್ಲ ಹುಲ್ಲು, ಮಡಿಕೆ ಮಡಿಕೆಯಲ್ಲಿ ಶೋಲಾ ಕಾಡು. ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಸುರಿಯುವ ಮಳೆಯನ್ನು ಹುಲ್ಲಿನ ಬೇರು ಹಿಡಿದು ನಿಲ್ಲಿಸುತ್ತದೆ, ಕಾಡು ಅದನ್ನು ಕುಡಿದುಕೊಂಡು ಬೇಸಿಗೆಗೆ ಒಂದಿಷ್ಟು ಉಳಿಸಿ ಕೊಡುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಈ ಸಾಲಿನಲ್ಲೇ ಹುಟ್ಟುವುದು ಅದಕ್ಕೇ.

ಜುಲೈಯಲ್ಲಿ ಆ ಹುಲ್ಲಿನ ಮೇಲಿನ ಕಾಲುದಾರಿಯನ್ನು ನೋಡಬೇಕು. ಮೊದಲನೇ ದಿನ ಒಂದು ಅಡಿ ಅಗಲ. ಐವತ್ತು ಜೊತೆ ಶೂ ಹೋದ ಮೇಲೆ ಕೆಸರು. ಐವತ್ತೊಂದನೆಯವನು ಜಾರಿ ಬೀಳಬಾರದೆಂದು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾನೆ, ಅದು ತಪ್ಪೂ ಅಲ್ಲ. ಮರುದಿನ ಆ ಹುಲ್ಲೂ ಕೆಸರು, ಅದರಾಚೆಗೆ ಹೊಸ ದಾರಿ. ಆಗಸ್ಟಿನ ಹೊತ್ತಿಗೆ ಎತ್ತಿನಗಾಡಿ ಹೋಗುವಷ್ಟು ಅಗಲ. ಬೇರು ಸತ್ತ ಮಣ್ಣನ್ನು ಮಳೆ ಬಿಡುತ್ತದೆಯೇ? ನಡುವೆ ಕೊರೆದು ಚರಂಡಿ ಮಾಡುತ್ತದೆ. ಕಳೆದ ಸಲ ಒಂಟಿಮರದಿಂದ ಮೇಲೆ ಒಂದು ಕಡೆ ನಾನು ಆ ಚರಂಡಿಗೆ ಇಳಿದು ನಿಂತೆ. ಮಣ್ಣು ನನ್ನ ಮೊಣಕಾಲಿಗೆ ಬಂತು. ಆ ಮಣ್ಣು ಎಲ್ಲಿಗೆ ಹೋಯಿತು? ನಮ್ಮ ಅಬ್ಬಿಗೆ, ಅಲ್ಲಿಂದ ಭದ್ರೆಗೆ. ಬಂದವರಲ್ಲಿ ಕೆಟ್ಟವರು ಯಾರೂ ಇಲ್ಲ. ಪ್ಲಾಸ್ಟಿಕ್ಕನ್ನು ಚೀಲಕ್ಕೆ ಹಾಕಿಕೊಂಡು ಕೆಳಗೆ ತರುವ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಒಳ್ಳೆಯವರಿಗೂ ಕಾಲು ಎರಡಿರುತ್ತವೆ.

ಇನ್ನು ಹೊಟ್ಟೆಪಾಡಿನ ಮಾತು. ಜನ ಬರಬೇಕು, ದುಡ್ಡಾಗಬೇಕು, ಕಾಡು ಕಾಡು ಎಂದರೆ ಹೊಟ್ಟೆ ತುಂಬುತ್ತದೆಯೇ ಎಂದು ಕಳಸದ ಪೇಟೆಯಲ್ಲಿ ನನ್ನನ್ನು ಕೇಳುವವರಿಗೆಲ್ಲ ನಾನು ಒಂದೇ ಕಥೆ ಹೇಳುವುದು. ಇದೇ ಮಾತನ್ನು ನಾವು ಗಣಿಗೂ ಹೇಳಿದ್ದೆವು. 1976ರಲ್ಲಿ ಕಬ್ಬಿಣದ ಅದಿರಿನ ಸರ್ಕಾರಿ ಕಂಪನಿ ಹುಟ್ಟಿತು, ಕುದುರೆಮುಖದ ಮಲ್ಲೇಶ್ವರದಲ್ಲಿ ಟೌನ್‌ಶಿಪ್ ಎದ್ದಿತು, ಅದಿರಿನ ರಾಡಿಯನ್ನು ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸಿದರು. 1987ರಲ್ಲಿ ಸುತ್ತಲಿನ 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು, ಗಣಿ ಮಾತ್ರ ನಡುವೆಯೇ ನಡೆಯಿತು. ನಿಲ್ಲಿಸಿದ್ದು ನಮ್ಮ ಗ್ರಾಮಸಭೆಯಲ್ಲ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೊಡಗಿನ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು, 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು, 2005ರ ಕೊನೆಯ ದಿನಕ್ಕೆ ಗಣಿ ನಿಂತಿತು. ಆಗ ನಾವೆಲ್ಲ ಊರು ಮುಳುಗಿತು ಅಂದೆವು. ನಾನೂ ಅಂದಿದ್ದೆ. ಇಂದು ಅದೇ ಗುಡ್ಡ ತೋರಿಸಿ ಕೋಣೆ ಬಾಡಿಗೆ ಪಡೆಯುತ್ತಿದ್ದೇವಲ್ಲ, ಅಂದು ಹೊರಗಿನವರೊಬ್ಬರು ಬೇಲಿ ಹಾಕಿಸದಿದ್ದರೆ ತೋರಿಸಲು ಏನಿರುತ್ತಿತ್ತು?

ಟಿಕೆಟ್ ಸಿಗುವುದಿಲ್ಲ, ಏಜೆನ್ಸಿಯವರು ಗುಂಪಿನಲ್ಲಿ ಹಿಡಿದಿಡುತ್ತಾರೆ ಎಂಬ ದೂರು ನನ್ನ ಕಿವಿಗೂ ಬಿದ್ದಿದೆ. ನಿಜವಿರಬಹುದು. ಅದು ಟಿಕೆಟ್ ಕೊಡುವ ರೀತಿಯ ದೋಷ, ಸರಿಪಡಿಸಲಿ. ಸೊಸೈಟಿಯ ಸಾಲಿನಲ್ಲಿ ಯಾರೋ ನುಗ್ಗಿದರು ಅಂತ ಅಕ್ಕಿಯನ್ನು ಬೀದಿಗೆ ಸುರಿಯುವುದಿಲ್ಲ ತಾನೇ?

ಮಿತಿ ಎಂಬುದು ನಮಗೆ ಮಾತ್ರ ಬಂದ ಶಿಕ್ಷೆಯೂ ಅಲ್ಲ. ಊಟಿ, ಕೊಡೈಕನಾಲ್‌ಗಳಿಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಇದೆ. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನ ಎಂದು ಗೆರೆ ಎಳೆದರು. ಅಲ್ಲಿ ಎಣಿಸಿದ್ದು ವಾಹನಗಳನ್ನು ಎಂಬುದನ್ನು ಗಮನಿಸಿ. ನಮ್ಮಲ್ಲೂ ಗುಡ್ಡದ ತಲೆ ಎಣಿಸಿದರೆ ಸಾಲದು, ಕಣಿವೆಯ ಹಾಸಿಗೆಗಳನ್ನೂ ಎಣಿಸಬೇಕು ಅನ್ನುವವನು ನಾನು. ಆದರೆ ಅದು ಬರುವ ತನಕ ಇರುವ ಈ ಒಂದು ಬಾಗಿಲನ್ನೂ ಕಿತ್ತು ಹಾಕಿ ಎಂದರೆ ಒಪ್ಪುವುದು ಹೇಗೆ?

ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರಲ್ಲ, ಆ ದಿನಗಳಲ್ಲಿ ನಮ್ಮ ಪೈಪಿನ ನೀರು ಸಣ್ಣದಾಗುತ್ತದೆ, ಆದರೆ ಗಾಳಿ ಬರುವುದಿಲ್ಲ. ಶನಿವಾರವೂ ಮಂಗಳವಾರದ ಹಾಗೇ ಬರುತ್ತದೆ. ನನ್ನ ಹೆಂಡತಿ ಅದನ್ನು "ನಲ್ಲಿಗೆ ರಜೆ" ಅನ್ನುತ್ತಾಳೆ.

ವಿರೋಧ: ಎಣಿಸುವುದಾದರೆ ಸರಿಯಾದ್ದನ್ನು ಎಣಿಸಿ

ಭಾವ ಬರೆದ ನೀರಿನ ವಿಷಯ ಸುಳ್ಳಲ್ಲ. ಆ ಗುಂಡಿಯ ಕಸ ತೆಗೆಯಲು ವರ್ಷಕ್ಕೆ ನಾಲ್ಕು ಸಲ ಅವರ ಜೊತೆ ನಾನೂ ಹೋಗುತ್ತೇನೆ, ಉಂಬಳಕ್ಕೆ ರಕ್ತ ಕೊಟ್ಟು ಬರುತ್ತೇನೆ. ಹನ್ನೊಂದು ಪೈಪಿನ ಲೆಕ್ಕವೂ ಸರಿ. ಆದರೆ ಹನ್ನೊಂದರಲ್ಲಿ ಎಲ್ಲಕ್ಕಿಂತ ದಪ್ಪದ ಪೈಪು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಭಾವ ಬರೆಯಲಿಲ್ಲ. ನಾಚಿಕೆ ಇರಬೇಕು, ನೆಂಟರ ಪೈಕಿಯವರದ್ದೇ ಜಾಗ. ಅಲ್ಲೊಂದು ಈಜುಕೊಳವಿದೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ನಾಲ್ಕಡಿ ಆಳ. ಅಂದರೆ 60 ಸಾವಿರ ಲೀಟರ್. ಭಾವ ಲೆಕ್ಕ ಹಾಕಿದ 600 ಜನರ ಸ್ನಾನ ಮೂರು ಸಲ ಮುಗಿದು ಮಿಕ್ಕುವಷ್ಟು. ಆ ಕೊಳದಲ್ಲಿ ಶನಿವಾರ ಮಧ್ಯಾಹ್ನ ಬಿಯರ್ ಹಿಡಿದು ತೇಲುವವರು ಗುಡ್ಡದ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ಅವರಿಗೆ ಟಿಕೆಟ್ ಬೇಡ, ಅವರು ಮುನ್ನೂರರಲ್ಲಿ ಇಲ್ಲ.

ನನ್ನ ತಕರಾರು ಇದೇ. ಗುಡ್ಡ ಹತ್ತುವವನನ್ನು ಎಣಿಸುತ್ತೀರಿ. ಅವನು ಬೆಳಿಗ್ಗೆ ಏಳಕ್ಕೆ ಹೋಗಿ ಇಪ್ಪತ್ತು ಕಿಲೋಮೀಟರ್ ನಡೆದು ಸಂಜೆ ಬಂದು, ನಮ್ಮ ಜಗುಲಿಯಲ್ಲಿ ಕಾಲು ಚಾಚಿ, ಕೋಳಿಸಾರು ಕಡುಬು ತಿಂದು ಮಲಗುವ ಪ್ರಾಣಿ. ಬಂದವರಲ್ಲಿ ಎಲ್ಲರಿಗಿಂತ ಕಡಿಮೆ ಉಪದ್ರವ ಅವನದ್ದೇ. ಎಣಿಸಲು ಸುಲಭ, ಅದಕ್ಕೆ ಅವನನ್ನು ಎಣಿಸುತ್ತೀರಿ. ಗೇಟು ಇರುವುದು ಅವನ ದಾರಿಯಲ್ಲಿ ಮಾತ್ರ.

ಟಿಕೆಟ್ ಸಿಗದವನು ಬೆಂಗಳೂರಿನಲ್ಲೇ ಉಳಿಯುತ್ತಾನೆ ಎಂದು ಯಾರು ಹೇಳಿದರು? ಗುಂಪು ಕಟ್ಟಿಯಾಗಿದೆ, ಟಿಟಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಅವನು ಬಂದೇ ಬರುತ್ತಾನೆ. ಬಂದವನು ಏನು ಮಾಡುತ್ತಾನೆ? "ಅಣ್ಣಾ, ಇಲ್ಲಿ ಯಾವುದಾದ್ರೂ ಫಾಲ್ಸ್ ಇದ್ಯಾ, ಯಾರಿಗೂ ಗೊತ್ತಿಲ್ದಿರೋದು?" ಇದನ್ನು ನಾನು ವಾರಕ್ಕೆ ಹತ್ತು ಸಲ ಕೇಳಿಸಿಕೊಳ್ಳುತ್ತೇನೆ. ಯಾರಿಗೂ ಗೊತ್ತಿಲ್ಲದ್ದು ಎಂದರೆ ಗೇಟಿಲ್ಲದ್ದು, ಗೈಡಿಲ್ಲದ್ದು, ಹಗ್ಗ ಹಿಡಿಯುವವರಿಲ್ಲದ್ದು, ಬಿದ್ದರೆ ಮೊಬೈಲ್ ಸಿಗ್ನಲ್ಲೂ ಇಲ್ಲದ್ದು. ಮೇಲೆ ಮಳೆ ಹೊಯ್ದರೆ ನಮ್ಮ ಹಳ್ಳ ಹತ್ತು ನಿಮಿಷದಲ್ಲಿ ಬಣ್ಣ ಬದಲಿಸುತ್ತದೆ. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಮಿತಿ ಜನರನ್ನು ಕಡಿಮೆ ಮಾಡಲಿಲ್ಲ, ಕಾಯುವವರಿರುವ ದಾರಿಯಿಂದ ಯಾರೂ ಕಾಯದ ಹಳ್ಳಕ್ಕೆ ಕಳಿಸಿತು.

ಗಣಿಯ ಕಥೆ ತೆಗೆದದ್ದು ನನಗೆ ಸರಿ ಕಾಣಲಿಲ್ಲ. ಗುಡ್ಡವನ್ನೇ ಬಗೆದು ಕೊಳವೆಯಲ್ಲಿ ಕಳಿಸಿದ್ದಕ್ಕೂ, ಗುಡ್ಡ ನೋಡಿ ಫೋಟೊ ಹಿಡಿದು ಹೋಗುವುದಕ್ಕೂ ಒಂದೇ ತಕ್ಕಡಿಯೇ? ಇನ್ನೊಂದು ಮಾತು. ಗಣಿ ನಿಂತಾಗ ಭಾವನಿಗೆ ತೋಟವಿತ್ತು. ನಾನು ಜೀಪಿನವನು, ಟೌನ್‌ಶಿಪ್ಪಿನ ಬಾಡಿಗೆಯನ್ನೇ ನಂಬಿದ್ದವನು. 2006ರ ಆ ಮಳೆಗಾಲ ಹೇಗೆ ಕಳೆಯಿತು ಎಂದು ಅಕ್ಕನನ್ನೇ ಕೇಳಲಿ. ಅವಳೇ ಅಕ್ಕಿ ಕಳಿಸುತ್ತಿದ್ದಳು.

ಆಗ ನಮಗೆಲ್ಲ ಹೇಳಿದ್ದು ಏನು? ಗಣಿ ಹೋಗಲಿ, ಪರಿಸರ ಪ್ರವಾಸೋದ್ಯಮ ಬರುತ್ತದೆ ಎಂದು. ಬಂತು. ಸರ್ಕಾರ ತಂದದ್ದಲ್ಲ, ನಾವೇ ತಂದೆವು. ಯಾಕೆ ತಂದೆವು ಎಂದರೆ ತೋಟ ಕೈಕೊಟ್ಟಿತು. ಕಳಸ, ಶೃಂಗೇರಿ, ಕೊಪ್ಪದ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಮೊದಲಿಂದ ಇತ್ತು, ಅದರ ಮೇಲೆ ಎಲೆಚುಕ್ಕಿ ಬಂದು ಕೂತಿತು. ಮೊದಲು ಸೋಗೆಯ ಮೇಲೆ ಸಾಸಿವೆಯಷ್ಟು ಚುಕ್ಕಿ, ಆಮೇಲೆ ಚುಕ್ಕಿ ಚುಕ್ಕಿ ಕೂಡಿ ಸೋಗೆಯೇ ಸುಟ್ಟ ಹಾಗೆ ಜೋತುಬೀಳುತ್ತದೆ. ಮರ ನಿಂತಿರುತ್ತದೆ, ಗೊನೆ ಇರುವುದಿಲ್ಲ. ನನ್ನ ಮಾವನ ಮನೆಯ ಒಂದು ಎಕರೆಗೆ ಔಷಧಿ ಹೊಡೆಸಿದ ಖರ್ಚೂ ಹುಟ್ಟಲಿಲ್ಲ. ಒಂದು ಕೋಣೆ ಖಾಲಿ ಇತ್ತು, ಇಬ್ಬರು ಹುಡುಗರನ್ನು ಮಲಗಿಸಿದೆವು. ಹಾಗೆ ಶುರುವಾದದ್ದು. ಈಗ ಶನಿವಾರ ನಮ್ಮ ಅಡುಗೆಮನೆಗೆ ಕೇರಿಯ ಮೂವರು ಹೆಂಗಸರು ಬರುತ್ತಾರೆ. ಮೊದಲು ಅಡಿಕೆ ಸುಲಿಯಲು ಹೋಗುತ್ತಿದ್ದವರು, ಸುಲಿಯಲು ಅಡಿಕೆ ಎಲ್ಲಿದೆ? ಬೇಸಿಗೆಗೆ ಬೆಂಕಿಯ ಭಯಕ್ಕೆ ಬಂದ್, ಮಳೆ ಹೆಚ್ಚಾದರೆ ಬಂದ್, ಉಳಿದ ದಿನಕ್ಕೆ ಮುನ್ನೂರು. ವರ್ಷದಲ್ಲಿ ದುಡಿಯುವ ಶನಿವಾರ ಎಷ್ಟು ಉಳಿಯುತ್ತವೆ ಎಂದು ಕ್ಯಾಲೆಂಡರ್ ಹಿಡಿದು ಎಣಿಸಲಿ. ಬೆಂಕಿಗೆ ಬಂದ್ ಮಾಡುವುದಕ್ಕೆ ನನ್ನ ಆಕ್ಷೇಪವಿಲ್ಲ, ಒಣಗಿದ ಹುಲ್ಲಿಗೆ ಒಂದು ಬೀಡಿ ಸಾಕು.

ಮಿತಿಯ ಜೊತೆಗೇ ಬಂದ ಆನ್‌ಲೈನ್ ಎಂಬುದರ ಬಗ್ಗೆ ಒಂದು ಘಟನೆ ಹೇಳುತ್ತೇನೆ. ಕಳೆದ ನವೆಂಬರಿನಲ್ಲಿ ದಾವಣಗೆರೆಯಿಂದ ಗಂಡ ಹೆಂಡತಿ ಬಂದಿದ್ದರು, ರಿಟೈರ್ ಆದ ಮೇಷ್ಟ್ರು. ಗುರುವಾರ, ಗುಡ್ಡದಲ್ಲಿ ನರಪಿಳ್ಳೆ ಇಲ್ಲ. ಮೊದಲೇ ಬುಕ್ ಮಾಡಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬರುವುದು ಹಲಸಿನ ಮರದ ಬುಡದಲ್ಲಿ ಮಾತ್ರ. ಮೇಷ್ಟ್ರು ಅಲ್ಲಿ ಮೊಬೈಲನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದು ನಿಂತರು. ಹೆಸರು ತುಂಬಿದರು, ಆಧಾರ್ ತುಂಬಿದರು. ಒಟಿಪಿ ಬಂತು, ದಾವಣಗೆರೆಯಲ್ಲಿದ್ದ ಮಗಳ ಮೊಬೈಲಿಗೆ. ಮಗಳು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು, ಫೋನ್ ಎತ್ತಲಿಲ್ಲ. ಮೇಷ್ಟ್ರ ಹೆಂಡತಿ ನಗುತ್ತಾ, "ಬಿಡ್ರೀ, ಕುದುರಿ ಮುಖ ಇಲ್ಲಿಂದ್ಲೇ ಕಾಣ್ತದ" ಅಂದರು. ಕಡುಬು ತಿಂದು ಹೊರನಾಡಿಗೆ ಹೋದರು. 1,894 ಮೀಟರಿನ ಆ ಗುಡ್ಡದಲ್ಲಿ ಅವತ್ತು ಜಾಗ ಇರಲಿಲ್ಲವೇ?

ಗುರುವಾರಕ್ಕೂ ಮುನ್ನೂರು, ಶನಿವಾರಕ್ಕೂ ಮುನ್ನೂರು. ಜುಲೈಯ ಕೆಸರಿಗೂ ಮುನ್ನೂರು, ಡಿಸೆಂಬರಿನ ಗಟ್ಟಿ ನೆಲಕ್ಕೂ ಮುನ್ನೂರು. ಮೊಣಕಾಲುದ್ದ ಕೊರೆದ ಚರಂಡಿ ಭಾವ ನೋಡಿದ್ದಾರೆ. ಅಲ್ಲಿ ಬೇಕಾಗಿರುವುದು ಕಲ್ಲು ಹಾಸಿದ ಮೆಟ್ಟಿಲು, ನೀರು ಅಡ್ಡಕ್ಕೆ ಹೋಗಲು ಸಣ್ಣ ಕಾಲುವೆ, ಕೆಸರಿರುವ ಕಡೆ ಪಕ್ಕಕ್ಕೆ ಕಾಲಿಡದ ಹಾಗೆ ತಡಿಕೆ. ನಮ್ಮ ತೋಟದಲ್ಲಿ ಮಣ್ಣು ಕೊಚ್ಚಿದರೆ ನಾವು ಬಸಿಗಾಲುವೆ ತೆಗೆಯುತ್ತೇವೋ, ಇಲ್ಲ ತೋಟಕ್ಕೆ ಹೋಗುವ ಆಳುಗಳನ್ನು ಎಣಿಸುತ್ತೇವೋ? ನೂರೈವತ್ತು ಜನ ಬಂದರೂ ರಿಪೇರಿ ಇಲ್ಲದ ದಾರಿ ಕೊರೆಯುತ್ತದೆ, ಸ್ವಲ್ಪ ನಿಧಾನವಾಗಿ.

ಹಾಗಾದರೆ ಹಗ್ಗ ಬಿಚ್ಚಿಬಿಡಿ ಅನ್ನುತ್ತೀಯಾ ಎಂದು ಭಾವ ಮೊನ್ನೆ ಊಟಕ್ಕೆ ಕೂತಾಗ ಕೇಳಿದರು. ಅಲ್ಲ. ಕುಮಾರ ಪರ್ವತದ ವಿಡಿಯೊ ನೋಡಿ ನನಗೂ ಹೆದರಿಕೆಯಾಗಿತ್ತು. ಆದರೆ ಕಟ್ಟುವವರು ಯಾರು, ಏನನ್ನು ಕಟ್ಟುತ್ತಾರೆ ಎಂಬುದು ಮುಖ್ಯ. ಸಿಕ್ಕಿಂನಲ್ಲಿ ಯುಕ್ಸಮ್ ಎಂಬ ಊರಿದೆ, ನಮ್ಮ ಕಳಸಕ್ಕಿಂತ ಸಣ್ಣದು. ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನಕ್ಕೆ ಅದೇ ಬಾಗಿಲು. ಅಲ್ಲಿ 1996ರಲ್ಲಿ ಊರವರೇ ಸೇರಿ ಒಂದು ಸಮಿತಿ ಮಾಡಿಕೊಂಡರು. ಚಾರಣಿಗರು ಕಾಡಿನ ಸೌದೆ ಉರಿಸುವ ಹಾಗಿಲ್ಲ, ಒಲೆಗೆ ಬೇಕಾದ ಎಣ್ಣೆಯೋ ಗ್ಯಾಸೋ ಹೊತ್ತೊಯ್ಯಬೇಕು. ಕಸವಾಗುವ ಪ್ಯಾಕೆಟ್ಟು, ಡಬ್ಬಿಗಳನ್ನು ಹೋಗುವಾಗ ಚೆಕ್‌ಪೋಸ್ಟಿನಲ್ಲಿ ಬರೆಸಬೇಕು, ಬರುವಾಗ ಲೆಕ್ಕ ಒಪ್ಪಿಸಬೇಕು. ತಲೆ ಎಣಿಸುವ ಬದಲು ಕಸ ಎಣಿಸಿದರು. ನಮ್ಮ ಪ್ಲಾಸ್ಟಿಕ್ ಬಾಟಲಿಗೆ ಆ ಬುದ್ಧಿ ಬಂದರೆ ಸಾಕು.

ನಮ್ಮಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಹತ್ತು ಜನಕ್ಕೊಬ್ಬ ಊರಿನ ಗೈಡು ಕಡ್ಡಾಯವಾಗಲಿ. ಅವನೊಬ್ಬನಿದ್ದರೆ ಪಕ್ಕದ ಹುಲ್ಲು ತುಳಿಯುವುದೂ, ಸ್ಪೀಕರ್ ಹಾಕುವುದೂ ನಿಲ್ಲುತ್ತದೆ. ವಾರದ ದಿನ ಟಿಕೆಟ್ ಅಗ್ಗ, ಶನಿವಾರ ದುಬಾರಿ ಮಾಡಲಿ, ಜನ ತಾವೇ ಹರಡಿಕೊಳ್ಳುತ್ತಾರೆ. ಟಿಕೆಟಿನ ದುಡ್ಡಿನಲ್ಲಿ ಒಂದು ಪಾಲು ಪಂಚಾಯಿತಿಗೆ ಬರಲಿ, ಆ ದುಡ್ಡಿಗೆ ದಾರಿ ರಿಪೇರಿಯಾಗಲಿ, ಹೊಳೆಗೆ ಬಿಡುವ ಬಚ್ಚಲು ನೀರಿಗೆ ಗುಂಡಿಯಾಗಲಿ. ಅಬ್ಬಿಯಿಂದ ಯಾರು ಎಷ್ಟು ಇಂಚಿನ ಪೈಪು ಎಳೆಯಬಹುದು ಎಂಬುದನ್ನು ಊರು ಕೂತು ತೀರ್ಮಾನಿಸಲಿ, ಈಜುಕೊಳಕ್ಕೆ ಅಬ್ಬಿ ನೀರು ಬಂದ್. ಇಷ್ಟಾದ ಮೇಲೂ ಗುಡ್ಡಕ್ಕೆ ಭಾರವಾಯಿತು ಎಂದರೆ, ಯಾವ ತಿಂಗಳಲ್ಲಿ ಯಾವ ದಾರಿಗೆ ಎಷ್ಟು ಜನ ಎಂದು ದಿನಾ ಆ ದಾರಿಯಲ್ಲಿ ನಡೆಯುವವರನ್ನು ಕೇಳಿ ಹೇಳಲಿ. ಮಳೆಗಾಲಕ್ಕೆ ನೂರೇ ಸಾಕು ಎಂದು ಮುಳ್ಳೋಡಿಯ ಜೀಪಿನವರೇ ಹೇಳಿದರೂ ಆಶ್ಚರ್ಯವಿಲ್ಲ. ಟೈರಿಗೆ ದುಡ್ಡು ಕೊಡುವವರು ಅವರೇ.

ಭದ್ರೆ ಏರಿದಾಗ ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆ ಮುಳುಗುತ್ತದೆ. ಅದು ಪ್ರತಿ ಮಳೆಗಾಲದ ಸುದ್ದಿ. ಸೇತುವೆ ಮೇಲೆ ನೀರು ಬರುವ ಮೊದಲೇ ಆಚೆ ದಡದವರು ಸಾಮಾನು ತಂದಿಟ್ಟುಕೊಂಡಿರುತ್ತಾರೆ, ಬಸ್ಸು ಬಳಸುದಾರಿ ಹಿಡಿಯುತ್ತದೆ. ಎಷ್ಟು ನೀರಿಗೆ ನಿಲ್ಲಬೇಕು ಎಂಬುದನ್ನು ನಮಗೆ ಯಾರೂ ಜಾಲತಾಣದಲ್ಲಿ ಹಾಕಿ ಕಲಿಸಿದ್ದಲ್ಲ.

ಬರುವ ಸೋಮವಾರ ಅಬ್ಬಿ ಗುಂಡಿ ತೊಳೆಯಲು ಹೋಗುವುದಿದೆ. ಕತ್ತಿ, ಜಾಲರಿ ಭಾವ ತರುತ್ತಾರೆ. ಸುಣ್ಣ, ಹೊಗೆಸೊಪ್ಪು ನನ್ನದು. ದಪ್ಪ ಪೈಪಿನ ನೆಂಟರಿಗೂ ಬರಲು ಹೇಳಿ ಕಳಿಸಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.